ಮ್ಯಾಸಿ ಫರ್ಗ್ಯೂಸನ್ 35 ಟ್ರ್ಯಾಕ್ಟರ್: ಇಂಜಿನ್ ಬ್ಲಾಕ್ ಸೋರುವುದು ಕೊನೆಗೂ ನಿಂತಿತು

ನಿನ್ನೆ ರಾತ್ರಿ ಬ್ಲಾಕ್‌ಗೆ 2 ಬಾರ್ ಒತ್ತಡದಲ್ಲಿ ಗಾಳಿ ತುಂಬಿ ಸೋಪಿನ ನೀರು ಸುರಿದೆ. ಒಂದು ಗುಳ್ಳೆಯೂ ಏಳಲಿಲ್ಲ. ಅಪ್ಪನನ್ನು ಊಟದಿಂದ ಎಬ್ಬಿಸಿ ಕರೆತಂದು ತೋರಿಸಿದೆ. ಅಷ್ಟು ಖುಷಿ!

ಇಂಜಿನ್ ಪರ್ಕಿನ್ಸ್ 3.152, ಮೂರು ಸಿಲಿಂಡರ್. ಬಿಚ್ಚಿದ್ದು, ತೊಳೆದಿದ್ದರ ಕಥೆ ಬಿಡಿ. ಬಿರುಕು ಇದ್ದದ್ದು ಸಿಲಿಂಡರ್ ಸುತ್ತ ನೀರು ಹರಿಯುವ ವಾಟರ್ ಜಾಕೆಟ್‌ನ ಹೊರಗೋಡೆಯಲ್ಲಿ. ವರ್ಷಗಟ್ಟಲೆ ರೇಡಿಯೇಟರ್‌ಗೆ ಬೋರ್‌ವೆಲ್ ನೀರು ಹಾಕಿ ಒಳಗೆಲ್ಲ ಸುಣ್ಣ ಕಟ್ಟಿತ್ತು. ಒಂದು ದಿನ ಉಳುವಾಗ ಇಂಜಿನ್ ಕುದಿಯಿತು, ಹಾಗೇ ಕಾಲುವೆಯ ತಣ್ಣೀರು ಸುರಿದರು. ಬೀಡು ಕಬ್ಬಿಣ ಅದನ್ನು ತಡೆಯುತ್ತದಾ?

ಗುಜರಿಯಲ್ಲಿ ಇನ್ನೊಂದು ಬ್ಲಾಕ್ ಸಿಕ್ಕಿತ್ತು. ಅದರಲ್ಲಿ ಪಿಸ್ಟನ್ ಓಡಾಡುವ ಎರಡು ಬೋರ್ ನಡುವೆಯೇ ಬಿರುಕು. ಅದಕ್ಕಿಂತ ನಮ್ಮದೇ ವಾಸಿ ಅನ್ನಿಸಿತು.

ಮೊದಲು ವೆಲ್ಡಿಂಗ್ ಮಾಡಿಸಿದೆ, ಅದೇ ತಪ್ಪಾಯಿತು. ನಿಕಲ್ ರಾಡ್ ಏನೋ ಸರಿಯಾದದ್ದೇ. ಆದರೆ ಬ್ಲಾಕ್ ಪೂರ್ತಿ ಕಾಯಿಸದೆ ಉದ್ದಕ್ಕೆ ಒಂದೇ ಸಲ ಎಳೆದುಬಿಟ್ಟರು. ತಣ್ಣಗಾಗುತ್ತಾ ಟಿಣ್ ಅಂತ ಸದ್ದು. ವೆಲ್ಡಿಂಗ್ ಗೆರೆಯ ಪಕ್ಕದಲ್ಲೇ ಹೊಸ ಬಿರುಕು! ಕಣ್ಣಿಗೆ ಕಂಡಿದ್ದು 60 ಮಿ.ಮೀ., ಸಣ್ಣ ಬಿರುಕನ್ನೂ ತೋರಿಸುವ ಕೆಂಪು ಡೈ ಹಚ್ಚಿ ನೋಡಿದರೆ 104.

ಎಲ್ಲ ಗ್ರೈಂಡ್ ಮಾಡಿ ತೆಗೆದು, ಬೆಂಕಿಯೇ ಬೇಡ ಅಂತ ಹೊಲಿಗೆಗೆ, ಅಂದರೆ ಬಿರುಕಿನುದ್ದಕ್ಕೂ ಸಾಲಾಗಿ ಸ್ಟಡ್ (ಎಳೆ ಇರುವ ಕಡ್ಡಿಯ ತುಂಡು) ಕೂರಿಸುವ ಕೆಲಸಕ್ಕೆ ಇಳಿದೆ. ಬಿರುಕಿನ ಎರಡೂ ತುದಿಗೆ ಮೊದಲು ತೂತು, ಇಲ್ಲದಿದ್ದರೆ ಅದು ಮುಂದಕ್ಕೆ ಓಡುತ್ತಲೇ ಇರುತ್ತದೆ. ಆಮೇಲೆ 8 ಮಿ.ಮೀ.ಗೊಂದರಂತೆ 5 ಮಿ.ಮೀ. ತೂತು, ಎಂ6 (6 ಮಿ.ಮೀ.) ಟ್ಯಾಪ್ ಹಾಕಿ ಎಳೆ ಕೊರೆದು, ಸೋರದಂತೆ ಸೀಲರ್ ಹಚ್ಚಿ ಸ್ಟಡ್ ತಿರುಗಿಸಿ ಕತ್ತರಿಸುವುದು. ಎರಡನೇ ಸುತ್ತಿನಲ್ಲಿ ನಡುನಡುವೆ ಅದೇ ಕೆಲಸ. ಹೊಸ ತೂತು ಎರಡೂ ಪಕ್ಕದ ಸ್ಟಡ್ಡನ್ನು ಸ್ವಲ್ಪ ಸ್ವಲ್ಪ ಕಡಿಯಬೇಕು, ಆಗಲೇ ಒಂದಕ್ಕೊಂದು ಬಿಗಿಯಾಗುವುದು. ಒಟ್ಟು 27 ಸ್ಟಡ್.

ಸ್ಟಡ್ಡಿಗೆ ಎಂ6 ರಾಡ್ ಕೇಳಿದರೆ ಅಂಗಡಿಯವರು ಕಾಲು ಇಂಚಿನದ್ದು ಕಳಿಸಿದರು. ವಾಪಸ್ ಕಳಿಸಿದೆ. ಮತ್ತೆ ಅದೇ ಬಂತು! "ಎರಡೂ ಒಂದೇ ಸಾರ್, ಸ್ವಲ್ಪ ಬಿಗಿಯಾಗಿ ತಿರುಗಿಸಿ" ಅಂತಾರೆ. ಒಂದೇ ಅಲ್ಲ ಸ್ವಾಮಿ. ಎಳೆಯೂ ಬೇರೆ, ದಪ್ಪವೂ ಬೇರೆ. ಹನ್ನೆರಡು ದಿನ ಸುಮ್ನೆ ಹೋಯಿತು.

ನಿಜವಾಗಿ ಸತಾಯಿಸಿದ್ದು 19ನೇ ತೂತು. ವೆಲ್ಡಿಂಗ್ ಶಾಖಕ್ಕೆ ಅಲ್ಲಿನ ಕಬ್ಬಿಣ ಗಾಜಿನಂತೆ ಗಟ್ಟಿಯಾಗಿತ್ತು. ಮೂರು ಟ್ಯಾಪ್ ಮುರಿದವು. ಮೂರನೆಯದರ ತುಂಡು ಒಳಗೇ ಉಳಿದು, ಅದನ್ನು ಕಾರ್ಬೈಡ್ ಬರ್‌ನಲ್ಲಿ ಸವೆಸಿ ತೆಗೆಯಲು ಎರಡು ಸಂಜೆ ಹಿಡಿಯಿತು. ಹಾಗೆ ಸವೆಸುವಾಗಲೇ ದಾರಿ ಹೊಳೆಯಿತು: ಗಟ್ಟಿ ಭಾಗ ಪೂರ್ತಿ ಹೋಗುವವರೆಗೆ ತೂತು ದೊಡ್ಡದು ಮಾಡಿದರಾಯಿತಲ್ಲ! ಮೆತ್ತನೆ ಕಬ್ಬಿಣ ಸಿಕ್ಕಿತು, ಅಲ್ಲಿಗೆ ಮಾತ್ರ ಎಂ10 ಹಾಕಿದೆ. ಬೆಣ್ಣೆಯ ಹಾಗೆ ಇಳಿಯಿತು. ಆಮೇಲೆ ಸಾಲು ಪೂರ್ತಿ ಗುಂಡುಸುತ್ತಿಗೆಯಲ್ಲಿ ಮೆಲ್ಲಗೆ ಬಡಿದು ಫೈಲ್ ಹಾಕಿದೆ.

ಅಂದಹಾಗೆ, ಕೊಟ್ಟಿಗೆ ಮೂಲೆಯಲ್ಲಿ ತಾತನ ಕಾಲದ ಕಿರ್ಲೋಸ್ಕರ್ ಎವಿ1 ಪಂಪ್‌ಸೆಟ್ ಇಂಜಿನ್ ಇದೆ, 5 ಎಚ್‌ಪಿಯದ್ದು. ಫ್ಲೈವೀಲ್ ಕೈಯಲ್ಲಿ ತಿರುಗುತ್ತದೆ, ಕಂಪ್ರೆಷನ್ ಇಲ್ಲ. ಈ ಮಳೆಗಾಲ ಅದಕ್ಕೇ. ಅದರ ಹಳೇ ಇಂಜೆಕ್ಟರ್ ಯಾರ ಹತ್ತಿರವಾದರೂ ಇದ್ದರೆ ತಿಳಿಸಿ.

ಭಾನುವಾರ ಮ್ಯಾಸಿಯ ಬ್ಲಾಕ್‌ಗೆ ಲೈನರ್ (ಸಿಲಿಂಡರ್ ಒಳಗಿನ ಕೊಳವೆ) ಕೂರಿಸುತ್ತೇನೆ. ಈ ಸಲ ರೇಡಿಯೇಟರ್‌ಗೆ ಕೂಲೆಂಟ್ ಮಾತ್ರ. ಬೋರ್‌ವೆಲ್ ನೀರಿನ ಬಿಂದಿಗೆಯನ್ನು ಶೆಡ್‌ನಿಂದ ಆಚೆ ಇಟ್ಟಾಗಿದೆ.