‘ಮುಸೊಲಿನಿ ಮೊದ್ಲ ಸಮಾಜವಾದಿನೇ ಇದ್ದನಲ್ರೀ?’

ಕಲಬುರಗಿಯಲ್ಲಾಗಲಿ, ಆಳಂದ, ಸೇಡಂ ಕಡೆಯ ಊರುಗಳಲ್ಲಾಗಲಿ, ಫ್ಯಾಸಿಸಂ ಬಗ್ಗೆ ಮಾತನಾಡಿ ವೇದಿಕೆಯಿಂದ ಇಳಿದರೆ ಸಾಕು, ಚಹಾ ಕೈಗೆ ಬರುವ ಮೊದಲೇ ಯಾರಾದರೊಬ್ಬರು ಎದುರಿಗೆ ನಿಂತು ಈ ಪ್ರಶ್ನೆ ಕೇಳುತ್ತಾರೆ: “ಸರ್, ಮುಸೊಲಿನಿ ಮೊದ್ಲ ಸಮಾಜವಾದಿನೇ ಇದ್ದನಲ್ರೀ? ಹಿಟ್ಲರನ ನಾಜಿ ಪಕ್ಷದ ಹೆಸರಿನಾಗೂ ಸಮಾಜವಾದ ಅಂತ ಇತ್ತಲ್ರೀ? ಮತ್ತ ಫ್ಯಾಸಿಸಂ, ಸಮಾಜವಾದ ಎರಡೂ ಒಂದೇ ಆಯ್ತಲ್ರೀ?” ಪದವಿ ಕಾಲೇಜಿನಲ್ಲಿ ಬಹುಕಾಲ ಇತಿಹಾಸ ಕಲಿಸಿದ ನಾನು ಪ್ರಶ್ನೆ ಕೇಳಿದವರ ಮೇಲೆ ಸಿಟ್ಟಾಗಬಾರದು. ಆದರೂ ಸಿಟ್ಟು ಬರುತ್ತದೆ, ಏಕೆಂದರೆ ಹೀಗೆ ಕೇಳುವವರಲ್ಲಿ ಹೆಚ್ಚಿನವರಿಗೆ ಉತ್ತರ ಬೇಕಾಗಿರುವುದಿಲ್ಲ. ಹೌದು ಎಂದರೆ “ನೋಡ್ರಿ, ಸರ್ ಅವರೇ ಒಪ್ಪಿದ್ರು” ಎನ್ನುತ್ತಾರೆ, ವಿವರಿಸಲು ಹೊರಟರೆ ಮೊಬೈಲ್ ತೆಗೆದು ಬೇರೆ ಕಡೆ ನೋಡುತ್ತಾರೆ. ಹೀಗಾಗಿ ಒಮ್ಮೆ ಪೂರ್ತಿಯಾಗಿ ಬರೆದಿಡುತ್ತಿದ್ದೇನೆ.

ಹೌದು, ಮುಂದೆ ಇಟಲಿಯ ಫ್ಯಾಸಿಸ್ಟ್ ಸರ್ವಾಧಿಕಾರಿಯಾದ ಮುಸೊಲಿನಿ ಮೊದಲು ಸಮಾಜವಾದಿಯಾಗಿದ್ದ. 1912ರ ಡಿಸೆಂಬರಿನಿಂದ ಇಟಲಿಯ ಸಮಾಜವಾದಿ ಪಕ್ಷದ ‘ಅವಂತಿ’ ಪತ್ರಿಕೆಗೆ ಸಂಪಾದಕನಾಗಿದ್ದ. 1914ರಲ್ಲಿ ಮೊದಲ ಮಹಾಯುದ್ಧ ಶುರುವಾದಾಗ ಪಕ್ಷ ಯುದ್ಧ ಬೇಡವೆಂದಿತು. ಮೊದಮೊದಲು ತಾನೂ ಹಾಗೆಯೇ ಬರೆದಿದ್ದ ಮುಸೊಲಿನಿ ಕೆಲವೇ ವಾರಗಳಲ್ಲಿ ಮಾತು ಬದಲಿಸಿ ಯುದ್ಧ ಬೇಕೆಂದ. ನವೆಂಬರಿನಲ್ಲಿ ಪಕ್ಷ ಅವನನ್ನು ಹೊರಹಾಕಿತು. ಅದೇ ತಿಂಗಳು ಅವನು ‘ಇಲ್ ಪೊಪೊಲೊ ದಿತಾಲಿಯಾ’ ಎಂಬ ಸ್ವಂತ ಪತ್ರಿಕೆ ತೆರೆದ. ಯುದ್ಧ ನಡೆದರೆ ತಮಗೆ ಲಾಭವೆಂದು ಬಲ್ಲ ಉದ್ಯಮಿಗಳು ಅದಕ್ಕೆ ಹಣ ಕೊಟ್ಟರು. ಪ್ರಶ್ನೆ ಕೇಳುವವರು ಗಮನಿಸಬೇಕಾದದ್ದು ಇಲ್ಲಿದೆ: ಪಕ್ಷದಿಂದ ಹೊರದಬ್ಬಿಸಿಕೊಂಡು, ಕಾರ್ಖಾನೆಯ ಒಡೆಯರ ಹಣದಲ್ಲಿ ನಡೆಯುತ್ತಿದ್ದ ಆ ಪತ್ರಿಕೆಯ ಹೆಸರಿನ ಕೆಳಗೆ 1918ರವರೆಗೂ ‘ಸಮಾಜವಾದಿ ದಿನಪತ್ರಿಕೆ’ ಎಂದೇ ಅಚ್ಚಾಗುತ್ತಿತ್ತು. ನಂಬಿಕೆಯನ್ನು ಬಿಟ್ಟವನು ಅದರ ಹೆಸರನ್ನು ಬಿಟ್ಟಿರಲಿಲ್ಲ. ಓದುಗರಿದ್ದದ್ದು ಆ ಹೆಸರಿನ ಹಿಂದೆ.

ಫ್ಯಾಸಿಸಂ ಎಂಬ ಪದವೂ ಹಾಗೆ ಎತ್ತಿಕೊಂಡದ್ದೇ. ಇಟಲಿಯ ಭಾಷೆಯಲ್ಲಿ ‘ಫಾಷೊ’ ಎಂದರೆ ಕಟ್ಟು, ಹೊರೆ. ಕೊಯ್ದ ಜೋಳವನ್ನು ಕಟ್ಟಿ ನಿಲ್ಲಿಸಿದಾಗ ನಮ್ಮ ರೈತರು ಹೇಳುವ ಸಿವುಡು. ಒಂಟಿ ದಂಟನ್ನು ಮುರಿಯಬಹುದು, ಸಿವುಡನ್ನು ಮುರಿಯಲಾಗದು ಎಂಬ ಅರ್ಥದಲ್ಲಿ 1890ರ ದಶಕದ ಆರಂಭದಲ್ಲಿ ಸಿಸಿಲಿಯ ಗೇಣಿದಾರರು, ಗಣಿಯ ಕೂಲಿಗಳು ತಮ್ಮ ಸಂಘಗಳಿಗೆ ಆ ಹೆಸರಿಟ್ಟುಕೊಂಡಿದ್ದರು. ಅವರು ಕೇಳಿದ್ದು ನ್ಯಾಯವಾದ ಗೇಣಿ ಮತ್ತು ಕೂಲಿ. 1894ರಲ್ಲಿ ಪ್ರಧಾನಿ ಕ್ರಿಸ್ಪಿ ಸೈನ್ಯ ಕಳುಹಿಸಿ ಆ ಸಂಘಗಳನ್ನು ಅಡಗಿಸಿದ. ಬಡವರು ಒಗ್ಗಟ್ಟಿಗೆ ಇಟ್ಟುಕೊಂಡಿದ್ದ ಆ ಹೆಸರೇ ಇಪ್ಪತ್ತೈದು ವರ್ಷಗಳ ನಂತರ, 1919ರ ಮಾರ್ಚ್ 23ರಂದು ಮಿಲಾನ್ ನಗರದಲ್ಲಿ ಮುಸೊಲಿನಿ ಕಟ್ಟಿದ ಪಡೆಯ ಹೆಸರಾಯಿತು.

ಆ ವರ್ಷ ಅವರು ಪ್ರಕಟಿಸಿದ ಕಾರ್ಯಕ್ರಮವನ್ನು ಓದಿದರೆ ಯಾವ ಕಾರ್ಮಿಕ ಸಂಘದವರೂ ತಲೆದೂಗುತ್ತಾರೆ: ದಿನಕ್ಕೆ ಎಂಟು ಗಂಟೆಯ ದುಡಿಮೆ, ಮಹಿಳೆಯರಿಗೆ ಮತದಾನದ ಹಕ್ಕು, ಬಂಡವಾಳದ ಮೇಲೆ ಏರುತ್ತ ಹೋಗುವ ತೆರಿಗೆ. ಆದರೆ ನವೆಂಬರಿನ ಚುನಾವಣೆಯಲ್ಲಿ ಮಿಲಾನ್‌ನಲ್ಲಿ ಅವರ ಪಟ್ಟಿಗೆ ಬಿದ್ದದ್ದು 5,000ಕ್ಕೂ ಕಡಿಮೆ ಮತ. ಒಂದು ಸ್ಥಾನವೂ ದಕ್ಕಲಿಲ್ಲ. ಮುಂದಿನ ವರ್ಷದಿಂದ ಅವರ ದಾರಿ ಬದಲಾಯಿತು. ಪೊ ನದಿಯ ಬಯಲಿನಲ್ಲಿ ಕೃಷಿ ಕೂಲಿಕಾರರ ಸಂಘಗಳು ಬಲವಾಗಿದ್ದವು. ಅಲ್ಲಿನ ಭೂಮಾಲೀಕರು ಹಣವನ್ನೂ ಲಾರಿಗಳನ್ನೂ ಕೊಟ್ಟರು, ಕಪ್ಪಂಗಿ ತೊಟ್ಟ ಫ್ಯಾಸಿಸ್ಟ್ ತಂಡಗಳು ರಾತ್ರಿ ಹೊತ್ತು ಆ ಲಾರಿಗಳಲ್ಲಿ ಬಂದು ಸಂಘದ ಕಚೇರಿಗಳನ್ನೂ ಸಹಕಾರಿ ಅಂಗಡಿಗಳನ್ನೂ ಸುಟ್ಟು, ಮುಖಂಡರನ್ನು ಹೆಂಡತಿ ಮಕ್ಕಳ ಎದುರೇ ಬಡಿದು ಹೋದವು. ಸುಟ್ಟ ಸಂಘದ ಜಾಗದಲ್ಲಿ ತಮ್ಮದೇ ಕೂಲಿ ಸಂಘವನ್ನು ತೆರೆದರು. ಅದಕ್ಕೆ ಸೇರದವನಿಗೆ ಕೆಲಸವಿಲ್ಲ. ಆ ಸಂಘಗಳ ಮುಖ್ಯಸ್ಥನಾದ ಎಡ್ಮೊಂಡೊ ರೊಸ್ಸೋನಿ ಹಿಂದೆ ಅಮೆರಿಕದಲ್ಲಿ ಇಟಲಿಯ ವಲಸೆ ಕೂಲಿಗಳನ್ನು ಸಂಘಟಿಸಿದ್ದವನು. ಅಂದರೆ ಕೂಲಿಕಾರನೊಡನೆ ಯಾವ ಭಾಷೆಯಲ್ಲಿ ಮಾತನಾಡಬೇಕೆಂದು ಚೆನ್ನಾಗಿ ಬಲ್ಲವನು. ಇಷ್ಟಾದ ಮೇಲೂ 1921ರಲ್ಲಿ ಉದಾರವಾದಿ ಪ್ರಧಾನಿ ಜೊಲಿಟ್ಟಿ, ಇವರನ್ನು ಪಕ್ಕದಲ್ಲಿಟ್ಟುಕೊಂಡರೆ ಪಳಗಿಸಬಹುದೆಂದು ತನ್ನ ಚುನಾವಣಾ ಕೂಟಕ್ಕೆ ಸೇರಿಸಿಕೊಂಡ. 35 ಮಂದಿ ಸಂಸತ್ತಿಗೆ ಬಂದರು. ಮರುವರ್ಷ ಪ್ರಧಾನಿಯ ಕುರ್ಚಿಯಲ್ಲಿ ಮುಸೊಲಿನಿ ಇದ್ದ. 1926ರಲ್ಲಿ ಮುಷ್ಕರವೇ ಕಾನೂನುಬಾಹಿರವಾಯಿತು.

ಜರ್ಮನಿಯದನ್ನು ಎರಡು ದಿನಗಳ ಕಥೆಯಲ್ಲಿ ಹೇಳಿಬಿಡುತ್ತೇನೆ. ಹಿಟ್ಲರನ ಸರ್ಕಾರ 1933ರ ಮೇ 1ನ್ನು ಸಂಬಳ ಸಹಿತ ರಜೆಯ ‘ರಾಷ್ಟ್ರೀಯ ಕಾರ್ಮಿಕ ದಿನ’ವೆಂದು ಘೋಷಿಸಿತು. ದಶಕಗಳಿಂದ ಕಾರ್ಮಿಕರು ಕೇಳುತ್ತಿದ್ದ ರಜೆ ಅದು. ದೊಡ್ಡ ಕಾರ್ಮಿಕ ಒಕ್ಕೂಟದ ನಾಯಕರು, ಹೀಗಾದರೂ ಸಂಘ ಉಳಿಯಲಿ ಎಂದು, ಆ ಮೆರವಣಿಗೆಗೆ ಹೋಗಿ ಎಂದು ತಮ್ಮ ಸದಸ್ಯರಿಗೆ ತಾವೇ ಕರೆ ಕೊಟ್ಟರು. ಮೇ 2ರ ಬೆಳಿಗ್ಗೆ ನಾಜಿ ಪಡೆಗಳು ದೇಶದಾದ್ಯಂತ ಕಾರ್ಮಿಕ ಸಂಘಗಳ ಕಚೇರಿಗಳಿಗೆ ನುಗ್ಗಿ, ಅವುಗಳ ಹಣ ಮುಟ್ಟುಗೋಲು ಹಾಕಿಕೊಂಡು, ನಾಯಕರನ್ನು ಬಂಧಿಸಿದವು. ಎರಡೂ ಒಂದೇ ಅಲ್ಲವೇ ಎನ್ನುವವರು ಹೆಸರನ್ನು ನೋಡುತ್ತಾರೆ. ಏಟು ಯಾರ ಮೇಲೆ ಬಿತ್ತು ಎಂಬುದನ್ನು ನೋಡುವುದಿಲ್ಲ. ಈ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ, ಇದನ್ನು ಮತ್ತೆ ಬಾಯಿಬಿಟ್ಟು ಹೇಳಲಾರೆ.

ನನ್ನನ್ನು ಯಾರೂ ಕೇಳದ ಇನ್ನೊಂದು ಪ್ರಶ್ನೆಯಿದೆ. ಬೇಡಿಕೆ ನ್ಯಾಯವಾದದ್ದು, ಸೇರಿದವರೆಲ್ಲ ಒಳ್ಳೆಯವರು, ಸಂಕಟ ನಿಜವಾದದ್ದು. ಅಂಥ ಚಳವಳಿಯೊಳಗೆ ಫ್ಯಾಸಿಸಂ ಹೇಗೆ ಬರುತ್ತದೆ? ಇದಕ್ಕೆ ನಾನು ಜರ್ಮನಿಯ ರೈತರನ್ನು ತೋರಿಸುತ್ತೇನೆ. 1920ರ ದಶಕದ ಕೊನೆಯಲ್ಲಿ ಬೆಲೆ ಕುಸಿದು, ಸಾಲ ಮತ್ತು ತೆರಿಗೆ ತಲೆಯ ಮೇಲೆ ಬಂದು, ಉತ್ತರದ ಶ್ಲೆಸ್‌ವಿಗ್-ಹೋಲ್‌ಸ್ಟೈನ್ ಪ್ರಾಂತ್ಯದ ರೈತರು ಕಪ್ಪು ಬಾವುಟ ಹಿಡಿದು ಬೀದಿಗಿಳಿದಿದ್ದರು. ಆಗ ನಾಜಿಗಳು ರೈತರಿಗೆ ಎದುರಾಗಿ ನಿಲ್ಲಲಿಲ್ಲ. ಪಕ್ಷದ ಕೃಷಿ ವಿಭಾಗವನ್ನು 1930ರಿಂದ ಕಟ್ಟಿದ ವಾಲ್ಟರ್ ಡಾರೆ ತನ್ನವರಿಗೆ ಒಪ್ಪಿಸಿದ ಕೆಲಸ, ಇರುವ ರೈತ ಸಂಘಗಳಿಗೇ ಸೇರಿ, ಹಳ್ಳಿಯ ಮಟ್ಟದಿಂದ ಒಂದೊಂದೇ ಹುದ್ದೆ ಹಿಡಿಯುವುದು. 1931ರ ಕೊನೆಗೆ ದೇಶದ ಅತಿ ದೊಡ್ಡ ರೈತ ಸಂಘಟನೆಯಾದ ರೈಶ್‌ಲಾಂಡ್‌ಬುಂಡ್‌ನ ಅಧ್ಯಕ್ಷ ಮಂಡಳಿಯಲ್ಲಿ ನಾಜಿಯೊಬ್ಬ ಕುಳಿತಿದ್ದ. 1932ರ ಜುಲೈ ಚುನಾವಣೆಯಲ್ಲಿ ಶ್ಲೆಸ್‌ವಿಗ್-ಹೋಲ್‌ಸ್ಟೈನ್‌ನಲ್ಲಿ ನಾಜಿಗಳಿಗೆ ಅರ್ಧಕ್ಕಿಂತ ಹೆಚ್ಚು ಮತ ಬಂತು. 1933ರಲ್ಲಿ ಸ್ವತಂತ್ರ ರೈತ ಸಂಘಟನೆ ಎಂಬುದೇ ಉಳಿಯಲಿಲ್ಲ. ಬೆಲೆ ಏಕೆ ಕುಸಿಯಿತು ಎಂದು ಕೇಳುತ್ತಿದ್ದ ರೈತನಿಗೆ, ದನದ ವ್ಯಾಪಾರಕ್ಕೆ ಬರುತ್ತಿದ್ದ ಯಹೂದಿಯೇ ಕಾರಣ ಎಂದು ಅಷ್ಟರಲ್ಲಿ ಕಲಿಸಿಯಾಗಿತ್ತು.

ಇದನ್ನು ನಾನು ಓದಿದ್ದು ತರಗತಿಗಾಗಿ. ಅರ್ಥವಾದದ್ದು ನಮ್ಮೂರಿನ ತೊಗರಿ ಧರಣಿಯಲ್ಲಿ.

ಕೆಲವು ವರ್ಷಗಳ ಹಿಂದೆ ತೊಗರಿ ಬೆಲೆ ಬಿದ್ದು, ಖರೀದಿ ಕೇಂದ್ರಗಳು ತಡವಾಗಿ ತೆರೆದು, ತೆರೆದಲ್ಲಿ ಚೀಲಗಳಿಲ್ಲದೆ ಮಾಲು ಅಂಗಳದಲ್ಲೇ ಬಿದ್ದಿದ್ದಾಗ, ನಾವೊಂದು ಸಮಿತಿ ಮಾಡಿಕೊಂಡು ಧರಣಿಗೆ ಕುಳಿತೆವು. ಮೊದಲ ಕರಪತ್ರ ಬರೆದವನು ನಾನೇ. ಐದು ಬೇಡಿಕೆಗಳಿದ್ದವು: ಕೇಂದ್ರಗಳನ್ನು ಕೂಡಲೇ ತೆರೆಯಬೇಕು, ಒಬ್ಬ ರೈತನಿಂದ ಕೊಳ್ಳುವ ಕ್ವಿಂಟಲ್ ಮಿತಿ ಏರಿಸಬೇಕು, ಹಣ ಬೇಗ ಖಾತೆಗೆ ಬರಬೇಕು, ತೂಕದಲ್ಲಿ ಕಡಿತ ನಿಲ್ಲಬೇಕು, ಸುಗ್ಗಿಯ ಕಾಲದಲ್ಲಿ ಹೊರದೇಶದ ತೊಗರಿ ತರಿಸಬಾರದು. ನಾಲ್ಕನೆಯದನ್ನು ಬರೆಸಿದವರು ಗಂಜಿನಲ್ಲಿ, ಅಂದರೆ ಕೃಷಿ ಮಾರುಕಟ್ಟೆಯಲ್ಲಿ, ಮೂವತ್ತು ವರ್ಷ ಚೀಲ ಹೊತ್ತ ಹಿರಿಯ ಹಮಾಲರೊಬ್ಬರು. ನಾವೆಲ್ಲ ಅವರನ್ನು ಚಾಚಾ ಎನ್ನುತ್ತಿದ್ದೆವು. ತಕ್ಕಡಿಯಲ್ಲಿ ಎಲ್ಲಿ, ಹೇಗೆ ಕಡಿಯುತ್ತಾರೆಂದು ಅವರಿಗಿಂತ ಚೆನ್ನಾಗಿ ಬಲ್ಲವರು ಪೆಂಡಾಲಿನಲ್ಲಿ ಇನ್ನೊಬ್ಬರಿರಲಿಲ್ಲ.

ನಾಲ್ಕನೆಯ ದಿನ ಮೂವರು ಹುಡುಗರು ಬಂದರು. ಕೈಯಿಂದ ಹಣ ಹಾಕಿ ಧ್ವನಿವರ್ಧಕ ತಂದರು, ಊಟದ ಪೊಟ್ಟಣ ಹಂಚಿದರು, ವಾಟ್ಸ್‌ಆ್ಯಪ್ ಗುಂಪು ಮಾಡಿ ಹಳ್ಳಿಹಳ್ಳಿಯಿಂದ ಜನರನ್ನು ಕರೆಸಿದರು. ದಣಿದಿದ್ದ ನಮಗೆ ಅವರು ದೇವರು ಕಳಿಸಿದ ಮಕ್ಕಳಂತೆ ಕಂಡರು. ಎರಡನೆಯ ಕರಪತ್ರವನ್ನು ಅವರೇ ಅಚ್ಚು ಹಾಕಿಸಿದರು. ಅದರಲ್ಲಿ ಆರನೆಯ ಬೇಡಿಕೆಯೊಂದು ಸೇರಿತ್ತು: ‘ಅನ್ಯಧರ್ಮದ ದಲ್ಲಾಳಿಗಳಿಂದ ರೈತರನ್ನು ರಕ್ಷಿಸಬೇಕು’. ಗಂಜಿನಲ್ಲಿ ಎಲ್ಲ ಜಾತಿ, ಎಲ್ಲ ಧರ್ಮದವರ ಅಡತ ಅಂಗಡಿಗಳಿವೆ, ಖರೀದಿ ನಿಲ್ಲಿಸಿದ್ದು ಸರ್ಕಾರ, ಕಡಿತ ಮಾಡುವವರಲ್ಲಿ ಎಲ್ಲರೂ ಇದ್ದಾರೆ ಎಂಬುದು ಪೆಂಡಾಲಿನಲ್ಲಿ ಕುಳಿತ ಪ್ರತಿಯೊಬ್ಬನಿಗೂ ಗೊತ್ತಿತ್ತು. ನಾನು ಹುಡುಗರನ್ನು ಪಕ್ಕಕ್ಕೆ ಕರೆದು ಕೇಳಿದಾಗ, “ಸರ್, ಮೊದ್ಲ ರೇಟ್ ಸಿಗ್ಲಿ, ಈಗ ಒಡಕು ಬ್ಯಾಡ್ರಿ” ಎಂದರು. ಒಡಕು ತರುವವನು ನಾನು ಎಂಬಂತೆ ಅವರು ಹೇಳಿದ ಆ ಮಾತನ್ನು ನಾನು ಒಪ್ಪಿಕೊಂಡೆ. ಸಮಿತಿಯ ಯುವಕನೊಬ್ಬ ಒಪ್ಪಲಿಲ್ಲ. ಗುಂಪಿನಲ್ಲಿ ಹಾಗೆಂದು ಬರೆದ ರಾತ್ರಿಯೇ ಅವನನ್ನು ಗುಂಪಿನಿಂದ ತೆಗೆದರು. ಮರುದಿನ ಅವನನ್ನು ‘ದಲ್ಲಾಳಿಗಳ ಏಜೆಂಟ್’ ಎಂದು ಕರೆಯತೊಡಗಿದರು. ಯಾರೂ ಮಾತನಾಡಲಿಲ್ಲ, ನಾನೂ ಮಾತನಾಡಲಿಲ್ಲ.

ಮೊದಲ ಏಟು ಒಳಗಿನವನಿಗೇ ಬೀಳುತ್ತದೆ ಎಂಬುದು ಹಿಂದಿನ ಹೈದರಾಬಾದ್ ಸಂಸ್ಥಾನದ ಜನರಾದ ನಮಗೆ ಹೊಸದಾಗಬಾರದಿತ್ತು. 1927ರಲ್ಲಿ ಮುಸ್ಲಿಂ ಸಮುದಾಯದ ಧಾರ್ಮಿಕ, ಸಾಮಾಜಿಕ ಏಳಿಗೆಗೆಂದು ಹುಟ್ಟಿದ ಮಜ್ಲಿಸ್ ಸಂಘಟನೆ, ಲಾತೂರಿನ ವಕೀಲ ಖಾಸಿಂ ರಜ್ವಿಯ ಕೈಗೆ ಹೋದ ಮೇಲೆ ನಿಜಾಮನ ಆಳ್ವಿಕೆ ಉಳಿಸಲು ನಿಂತ ರಜಾಕಾರರ ಪಡೆಯಾಗಿ ನಮ್ಮ ಹಳ್ಳಿಗಳನ್ನು ಸುಟ್ಟಿತು. ಅದನ್ನು ಫ್ಯಾಸಿಸಂ ಎನ್ನಬೇಕೇ ಎಂಬ ವಾದವನ್ನು ನಾನಿಲ್ಲಿ ಎತ್ತುವುದಿಲ್ಲ; ಸಂಘಟನೆಯೊಂದು ಕೈ ಬದಲಾಯಿಸುವ ಬಗೆಯನ್ನಷ್ಟೇ ಹೇಳುತ್ತಿದ್ದೇನೆ. ರಜಾಕಾರರನ್ನು ಬಯಲಿಗೆಳೆದು ಬರೆಯುತ್ತಿದ್ದ ‘ಇಮ್ರೋಜ್’ ಪತ್ರಿಕೆಯ ಸಂಪಾದಕ ಶೋಯಬುಲ್ಲಾ ಖಾನ್ 1948ರ ಆಗಸ್ಟಿನಲ್ಲಿ ಕೊಲೆಯಾದರು, ಅವರೂ ಮುಸ್ಲಿಮರೇ. ಸಂಸ್ಥಾನವನ್ನು ಭಾರತಕ್ಕೆ ಸೇರಿಸಿದ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ನಂತರ ರಜಾಕಾರರಿಗೆ ಸಂಬಂಧವೇ ಇಲ್ಲದ ಬಡ ಮುಸ್ಲಿಮರು ಸತ್ತರು. ಆ ಸಾವುಗಳನ್ನು ವಿಚಾರಿಸಲು ಕೇಂದ್ರ ಸರ್ಕಾರ ಕಳಿಸಿದ ಪಂಡಿತ್ ಸುಂದರಲಾಲ್ ಸಮಿತಿ ಹೆಚ್ಚು ಹಾನಿಯಾದ ಜಿಲ್ಲೆಗಳೆಂದು ಹೆಸರಿಸಿದ ನಾಲ್ಕರಲ್ಲಿ ಗುಲಬರ್ಗಾ, ಬೀದರ್ ಎರಡೂ ಇವೆ. ನಮ್ಮ ಮನೆಗಳಲ್ಲಿ ಮೊದಲರ್ಧವನ್ನು ಹೇಳುವವರು ಎರಡನೆಯದನ್ನು ಹೇಳುವುದಿಲ್ಲ, ಎರಡನೆಯದನ್ನು ಹೇಳುವವರು ಮೊದಲಿನದನ್ನು ಹೇಳುವುದಿಲ್ಲ. ಆ ಮೂವರು ಹುಡುಗರೂ ಅರ್ಧ ಕೇಳಿಯೇ ಬೆಳೆದವರು.

ಹತ್ತನೆಯ ದಿನ ಮೂರನೆಯ ಕರಪತ್ರ ಬಂತು. ಆರನೆಯ ಬೇಡಿಕೆ ಮೊದಲನೆಯದಾಗಿ, ದಪ್ಪ ಅಕ್ಷರದಲ್ಲಿತ್ತು. ಆಮದು ನಿಲ್ಲಿಸಬೇಕೆಂಬ ಬೇಡಿಕೆ ಇರಲಿಲ್ಲ. ತೂಕದ ಕಡಿತದ್ದೂ ಇರಲಿಲ್ಲ. ಚಾಚಾ ಅದನ್ನು ಕೈಗೆತ್ತಿಕೊಂಡು, ಕನ್ನಡಕ ಸರಿಪಡಿಸಿಕೊಂಡು, ಬೆರಳಿಟ್ಟು ಮೇಲಿನಿಂದ ಕೆಳಗೆ ನಿಧಾನವಾಗಿ ಓದಿದರು. ಮೊದಲ ಸಾಲಿನ ಬಗ್ಗೆ ಏನೂ ಅನ್ನಲಿಲ್ಲ. ಕೊನೆಗೆ ನನ್ನ ಕಡೆ ತಿರುಗಿ, “ಸರ್, ನಾ ಬರ್ಸಿದ್ದ ನಾಕನೇದು ಎಲ್ಲಿ ಹೋಯ್ತ್ರಿ?” ಎಂದರು.

“ಪ್ರಿಂಟಿನಾಗ ಬಿಟ್ಟ ಹೋಗ್ಯಾದ ಚಾಚಾ” ಎಂದೆ.

ಅವರು ಕರಪತ್ರವನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗೆ ಹಾಕಿಕೊಂಡರು. ಸಂಜೆಯವರೆಗೂ ಕುಳಿತಿದ್ದು, ಎದ್ದು ಹೋಗುವಾಗ ಎಂದಿನಂತೆ ಕೈ ಎತ್ತಿ ಸಲಾಂ ಹೇಳಿದರು. ಮರುದಿನ ಅವರೂ ಬರಲಿಲ್ಲ, ಅವರ ಜೊತೆಗೆ ಬರುತ್ತಿದ್ದ ಹಮಾಲರೂ ಬರಲಿಲ್ಲ. ಮೂರೂ ಕರಪತ್ರಗಳು ನನ್ನ ಮೇಜಿನ ಖಾನೆಯಲ್ಲಿವೆ. ಮುಂದಿನ ಸಭೆಗೆ ಅವನ್ನು ತರುತ್ತೇನೆ. ಮುಸೊಲಿನಿ ಮೊದಲು ಏನಾಗಿದ್ದ ಎಂದು ಕೇಳಲು ಬರುವವರು ಮೂರನ್ನೂ ಪಕ್ಕಪಕ್ಕದಲ್ಲಿಟ್ಟು ಓದಿ, ಚಾಚಾ ಕೇಳಿದ ಪ್ರಶ್ನೆಯನ್ನು ನನಗೆ ಕೇಳಲಿ.