ಖಾಸಗಿಯಾಗಿ ಪೋಸ್ಟ್‌ಮಾರ್ಟಂ ಮಾಡಿಸುವ ಮುಂಚೆ

ನಮ್ಮ ಭಾವ ರಾತ್ರಿ ಮಲಗಿದವರು ಬೆಳಗ್ಗೆ ಏಳಲೇ ಇಲ್ಲ. ಸರ್ಟಿಫಿಕೇಟಿನಲ್ಲಿ ಹೃದಯ ನಿಂತಿತು ಅಂತ ಬರೆದು ಕೊಟ್ಟರು. ಯಾರೇ ಸತ್ತರೂ ಹೃದಯ ನಿಂತೇ ನಿಲ್ಲುತ್ತದೆ, ಅಲ್ವಾ? ಯಾಕೆ ನಿಂತಿತು ಅನ್ನೋದೇ ಅಕ್ಕನಿಗೆ ಬೇಕಿತ್ತು. ಅದಕ್ಕೆ ಖಾಸಗಿಯಾಗಿ, ಅಂದರೆ ಮನೆಯವರೇ ದುಡ್ಡು ಕೊಟ್ಟು, ಪೋಸ್ಟ್‌ಮಾರ್ಟಂ ಮಾಡಿಸುವ ಓಡಾಟ ನನ್ನ ಪಾಲಿಗೆ ಬಂತು. ಆಮೇಲೆ ಪರಿಚಯದವರು ಒಬ್ಬೊಬ್ಬರಾಗಿ ಇದರ ಬಗ್ಗೆ ಕೇಳುತ್ತಲೇ ಇದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಸಾವಿನಲ್ಲಿ ಹೊಡೆತ, ವಿಷ, ಅಪಘಾತ ಅಂತ ಏನಾದರೂ ಅನುಮಾನ ಇದ್ದರೆ ಖಾಸಗಿಯ ಮಾತೇ ಬೇಡ. ಮೊದಲು ಪೊಲೀಸರಿಗೆ ಹೇಳಿ. ಅದಕ್ಕೆ ಮುಂಚೆಯೇ ನೀವು ಬೇರೆಯವರಿಂದ ಕೊಯ್ಯಿಸಿಬಿಟ್ಟರೆ ಸಾಕ್ಷಿ ಕೆಡುತ್ತದೆ. ಆಸ್ಪತ್ರೆಯಲ್ಲಿ ತೀರಿಕೊಂಡಿದ್ದರೆ ಅಲ್ಲಿಯವರೇ ಮಾಡಿಕೊಡುತ್ತಾರಾ ಅಂತ ಒಮ್ಮೆ ಕೇಳಿ. ಆಸ್ಪತ್ರೆಯ ಮೇಲೇ ದೂರಿದ್ದರೆ ಮಾತ್ರ ಹೊರಗಿನವರೇ ಬೇಕು.

ಪ್ಯಾಥಾಲಜಿಸ್ಟಿಗೆ, ಅಂದರೆ ಪೋಸ್ಟ್‌ಮಾರ್ಟಂ ಮಾಡುವ ಡಾಕ್ಟರಿಗೆ, ಫೋನ್ ಮಾಡುವ ಮುಂಚೆ ನಿಮ್ಮ ಪ್ರಶ್ನೆಯನ್ನು ಒಂದು ಸಾಲಲ್ಲಿ ಬರೆದಿಟ್ಟುಕೊಳ್ಳಿ. ಸುಮ್ನೆ "ಏನಾಯ್ತು ಅಂತ ಗೊತ್ತಾಗಬೇಕು" ಅಂದರೆ ಸಾಲದು. ಮರೆವಿನ ಕಾಯಿಲೆ ಆಲ್ಜೈಮರ್ ಹೌದಾ ಅಲ್ಲವಾ ಅನ್ನೋದು ಪ್ರಶ್ನೆಯಾದರೆ ಮಿದುಳೊಂದನ್ನೇ ನೋಡಿದರೂ ನಡೆಯುತ್ತದೆ, ಇಡೀ ದೇಹ ತೆರೆಯಬೇಕಿಲ್ಲ. ಔಷಧಿ ಡೋಸ್ ಜಾಸ್ತಿ ಆಯಿತಾ ಅನ್ನೋದಾದರೆ ರಕ್ತ, ಮೂತ್ರ ಬೇಕು, ಕಣ್ಣುಗುಡ್ಡೆಯೊಳಗಿನ ನೀರೂ ಬೇಕು. ಅದನ್ನು ಸಣ್ಣ ಸೂಜಿಯಲ್ಲಿ ಎಳೆಯುತ್ತಾರೆ. ರಕ್ತಕ್ಕಿಂತ ನಿಧಾನವಾಗಿ ಕೆಡುತ್ತದೆ ಅಂತ ಅದಕ್ಕೆ ಅಷ್ಟು ಬೆಲೆ. ನಮ್ಮ ಪ್ರಶ್ನೆ ಬೇರೆ: ಇದು ಮಕ್ಕಳಿಗೂ ಬರುವಂಥದ್ದಾ? ಹಾಗಿದ್ದರೆ ಡಿಎನ್‌ಎ ಪರೀಕ್ಷೆಗೆ ಅಂತಲೇ ರಕ್ತವನ್ನೋ ಗುಲ್ಮದ (ಸ್ಪ್ಲೀನ್) ಚೂರನ್ನೋ ಫ್ರೀಜ್ ಮಾಡಿ ಇಡಬೇಕು. ಕೇಳದಿದ್ದರೆ ಇಡದೇ ಹೋಗಬಹುದು. ಹೃದಯದ ಬಡಿತ ತಪ್ಪಿಸುವ ಕೆಲವು ಕಾಯಿಲೆಗಳು ಕಣ್ಣಿಗಾಗಲಿ ಮೈಕ್ರೋಸ್ಕೋಪಿಗಾಗಲಿ ಏನೂ ಗುರುತು ಬಿಡುವುದಿಲ್ಲ, ಆಗ ಉಳಿಯುವ ದಾರಿ ಆ ಚೂರು ಒಂದೇ.

ಕಾಲವಂತೂ ಯಾರಿಗೂ ಕಾಯುವುದಿಲ್ಲ. ಮೇದೋಜೀರಕ ಗ್ರಂಥಿ, ಕರುಳು ಎಲ್ಲಕ್ಕಿಂತ ಮೊದಲು ಕೆಡುತ್ತವೆ. ದೇಹವನ್ನು 4 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ತಂಪಿನಲ್ಲಿಡಿ. ಹೆಪ್ಪುಗಟ್ಟಿಸಬೇಡಿ, ಮಂಜಿನ ಹರಳುಗಳು ಜೀವಕೋಶಗಳನ್ನು ಒಡೆದುಹಾಕುತ್ತವೆ. ಎಂಬಾಮಿಂಗ್, ಅಂದರೆ ದೇಹ ಕೆಡದಂತೆ ರಾಸಾಯನಿಕ ತುಂಬಿಸುವುದನ್ನಂತೂ, ಪರೀಕ್ಷೆ ಮುಗಿಯುವ ತನಕ ತಡೆಯಿರಿ. ಅದು ಆಗಿಹೋಗಿದ್ದರೂ ಗಡ್ಡೆ, ರಕ್ತ ಹೆಪ್ಪುಗಟ್ಟಿದ್ದು ಕಾಣುತ್ತದೆ. ಆದರೆ ವಿಷ, ಮದ್ದಿನ ಲೆಕ್ಕ ಬಹುಮಟ್ಟಿಗೆ ಹಾಳು. ಟ್ಯೂಬು, ಕ್ಯಾತಿಟರ್, ಡ್ರಿಪ್ಪಿನ ಸೂಜಿ ಯಾವುದನ್ನೂ ಕೀಳಿಸಬೇಡಿ, ಅವು ಸರಿಯಾದ ಜಾಗದಲ್ಲಿ ಇದ್ದವಾ ಅನ್ನೋದೂ ಒಂದು ಪ್ರಶ್ನೆಯೇ. ಆಸ್ಪತ್ರೆಗೆ ಸೇರಿಸಿದಾಗ ತೆಗೆದ ರಕ್ತ ಲ್ಯಾಬಿನಲ್ಲಿ ಉಳಿದಿದ್ದರೆ ಎಸೆಯಬೇಡಿ ಅಂತ ಅವತ್ತೇ ಪತ್ರ ಬರೆದು ಕೊಡಿ. ಕೇಸ್ ಶೀಟಿನ ಪ್ರತಿಯನ್ನೂ ಅದೇ ಪತ್ರದಲ್ಲಿ ಕೇಳಿಬಿಡಿ.

ಇನ್ನು ಮಾಡುವವರು ಯಾರು? ಓದಿ ಪರವಾನಗಿ ಪಡೆದ ಪ್ಯಾಥಾಲಜಿಸ್ಟ್ ತಾನೇ ಕೊಯ್ದು ತಾನೇ ಸಹಿ ಹಾಕುತ್ತಾರಾ ಅಂತ ನೇರವಾಗಿ ಕೇಳಿ, ಅದರಲ್ಲಿ ಮುಜುಗರ ಏನೂ ಇಲ್ಲ. ಅಮೆರಿಕದ ಕಾನ್ಸಾಸ್‌ನಲ್ಲಿ ಡಾಕ್ಟರೇ ಅಲ್ಲದ ಒಬ್ಬ ಖಾಸಗಿ ಪೋಸ್ಟ್‌ಮಾರ್ಟಂ ಕಂಪನಿ ನಡೆಸಿ, ಮನೆಯವರಿಂದ ದುಡ್ಡು ಕಿತ್ತು, 2022ರಲ್ಲಿ ಜೈಲಿಗೆ ಹೋದ. ದುಃಖದಲ್ಲಿರುವವರು ಚೌಕಾಸಿ ಮಾಡಲ್ಲ, ಪ್ರಶ್ನೆ ಕೇಳಲ್ಲ ಅಂತ ಇಂಥವರಿಗೆ ಚೆನ್ನಾಗಿ ಗೊತ್ತು. ದೇಹ ಸಾಗಿಸುವ ಖರ್ಚು, ಲ್ಯಾಬ್ ಖರ್ಚು ಒಪ್ಪಿಕೊಂಡ ಮೊತ್ತದೊಳಗೇ ಬರುತ್ತದಾ ಅನ್ನೋದನ್ನೂ ಬರಹದಲ್ಲಿ ತೆಗೆದುಕೊಳ್ಳಿ.

ಒಪ್ಪಿಗೆಗೆ ಸಹಿ ಹಾಕಬೇಕಾದ್ದು ಹತ್ತಿರದ ಸಂಬಂಧಿ. ನಮ್ಮಲ್ಲಿ ಅಕ್ಕ ಹಾಕಿದಳು. "ಹೋದವರನ್ನು ಮತ್ತೆ ಯಾಕೆ ಕೊಯ್ಯಿಸ್ತೀರಿ" ಅಂತ ಅತ್ತೆಯವರು ಅತ್ತರು. ಅವರಿಗೆ ಉತ್ತರ ಕೊಡೋದು ಎಲ್ಲಕ್ಕಿಂತ ಕಷ್ಟದ ಕೆಲಸ. ಮುಖಕ್ಕೆ ಕತ್ತರಿ ಹಾಕುವುದಿಲ್ಲ ಅಂತ ಹೇಳಿ, ಅದು ನಿಜ. ತಲೆಯ ಗೀಟು ಒಂದು ಕಿವಿಯ ಹಿಂದಿನಿಂದ ನೆತ್ತಿಯ ಮೇಲೆ ಹಾದು ಇನ್ನೊಂದು ಕಿವಿಯ ಹಿಂದೆ ಇಳಿಯುತ್ತದೆ. ಹೊಲಿದ ಮೇಲೆ ಕೂದಲೊಳಗೆ ಮುಚ್ಚಿಹೋಗುತ್ತದೆ. ಎದೆಯ ಹೊಲಿಗೆ ಬಟ್ಟೆಯೊಳಗೆ. ಭಾವನನ್ನು ಕೊನೆಗೆ ನೋಡಿದವರಿಗೆ ಯಾರಿಗೂ ಗೊತ್ತಾಗಲಿಲ್ಲ.

ಫಾರಂನಲ್ಲಿ ಅಂಗಗಳನ್ನು ಇಟ್ಟುಕೊಳ್ಳುವ ಸಾಲು ಇರುತ್ತದೆ, ಅದನ್ನು ಎರಡು ಸಲ ಓದಿ. ಬ್ರಿಟನ್ನಿನ ಲಿವರ್‌ಪೂಲ್‌ನ ಆಲ್ಡರ್ ಹೇ ಆಸ್ಪತ್ರೆಯಲ್ಲಿ ಮಕ್ಕಳ ಅಂಗಗಳನ್ನು ಹೆತ್ತವರಿಗೆ ಹೇಳದೆ ಇಟ್ಟುಕೊಂಡಿದ್ದು ಬಯಲಾದ ಮೇಲೆ ಅಲ್ಲಿ 2004ರಲ್ಲಿ ಕಾಯಿದೆಯೇ ಬಂತು. ಮಿದುಳನ್ನು ಫಾರ್ಮಲಿನ್ ಅನ್ನೋ ದ್ರಾವಣದಲ್ಲಿ ಗಟ್ಟಿಯಾಗಲು ಬಿಡಬೇಕಾದರೆ ವಾರಗಳು ಹಿಡಿಯುತ್ತವೆ. ಅದು ವಾಪಸ್ ಬರುವ ತನಕ ಅಂತ್ಯಕ್ರಿಯೆಗೆ ಕಾಯುತ್ತೀರೋ, ಅದಿಲ್ಲದೆಯೇ ಮುಗಿಸುತ್ತೀರೋ ಅಂತ ಮನೆಯವರೆಲ್ಲ ಕೂತು ಮೊದಲೇ ಮಾತಾಡಿಕೊಳ್ಳಿ. ಪೇಸ್‌ಮೇಕರ್ ಇದ್ದು ದಹನ ಮಾಡುವುದಾದರೆ ತೆಗೆಸಿ, ಬೆಂಕಿಯಲ್ಲಿ ಸಿಡಿಯುತ್ತದೆ.

ಕೊಯ್ಯುವ ಕೆಲಸ ಕೆಲವೇ ಗಂಟೆಗಳದ್ದು, ರಿಪೋರ್ಟಿಗೆ ಮಾತ್ರ ವಾರಗಳು, ಕೆಲವೊಮ್ಮೆ ತಿಂಗಳುಗಳು. ಎಲ್ಲ ಮಾಡಿದರೂ "ಕಾರಣ ತಿಳಿಯಲಿಲ್ಲ" ಅಂತ ಬರಬಹುದು, ಅದಕ್ಕೂ ತಯಾರಿರಿ. ನಮಗೆ ಉತ್ತರ ಸಿಕ್ಕಿತು: ಹೃದಯದ ಸ್ನಾಯು ದಪ್ಪಗಾಗುವ ಕಾಯಿಲೆ, ಹೆತ್ತವರಲ್ಲಿ ಒಬ್ಬರಿಗೆ ಆ ಜೀನ್ ದೋಷವಿದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಶೇ. 50. ಅಕ್ಕನ ಮಕ್ಕಳಿಗೆ ಇಸಿಜಿ, ಎಕೋ ಮಾಡಿಸಿದೆವು. ದೊಡ್ಡವನು ಈಗ ಹೃದ್ರೋಗ ತಜ್ಞರ ಹತ್ತಿರ ತಪ್ಪದೆ ತೋರಿಸಿಕೊಳ್ಳುತ್ತಾನೆ.