ಯಾವತ್ತಾದ್ರೂ ಗುಂಡು ಹಾರಿಸಿದ್ದೀರಾ ಸಾರ್?

ಮದುವೆ ಮನೆಯಲ್ಲಿ ಊಟಕ್ಕೆ ಕೂತರೆ ಸಾಕು. ಎಲೆಗೆ ಉಪ್ಪು, ಉಪ್ಪಿನಕಾಯಿ ಬೀಳುವ ಹೊತ್ತಿಗೆ ಪಕ್ಕದವರು ಕೆಲಸ ಎಲ್ಲಿ ಅಂತ ವಿಚಾರಿಸುತ್ತಾರೆ. ಪೊಲೀಸ್ ಅನ್ನುತ್ತೇನೆ. ಪಲ್ಯ ಬರುವ ತನಕ ಮಾತಿಲ್ಲ. ಕೋಸಂಬರಿ ಬಡಿಸುವಾಗ ಅವರು ಸ್ವಲ್ಪ ಈ ಕಡೆ ಬಾಗಿ, ದನಿ ಇಳಿಸಿ ಕೇಳುತ್ತಾರೆ: "ಯಾವತ್ತಾದ್ರೂ ಗುಂಡು ಹಾರಿಸಿದ್ದೀರಾ ಸಾರ್?"

ನಾನು ಹಳೇ ಮೈಸೂರು ಕಡೆಯ ಒಂದು ತಾಲ್ಲೂಕಿನಲ್ಲಿ ಹೆಡ್ ಕಾನ್‌ಸ್ಟೆಬಲ್. ಹತ್ತೊಂಬತ್ತು ವರ್ಷ ಸರ್ವಿಸ್ ಆಯಿತು. ಈ ಪ್ರಶ್ನೆಯನ್ನು ಬಸ್ಸಿನಲ್ಲಿ ಕೇಳಿದ್ದಾರೆ, ಕಟಿಂಗ್ ಶಾಪಿನಲ್ಲಿ ಕೇಳಿದ್ದಾರೆ. ಒಂದು ಸಲ ಹಲ್ಲಿನ ಡಾಕ್ಟರು ಕೇಳಿದರು, ಅದೂ ನನ್ನ ಬಾಯಿಗೆ ಹತ್ತಿ ತುರುಕಿದ ಮೇಲೆ. ಅವರಿಗೆ ಅವತ್ತು ಉತ್ತರ ಕೊಡಲಾಗಲಿಲ್ಲ. ಎಲ್ಲರಿಗೂ ಸೇರಿಸಿ ಇಲ್ಲಿ ಕೊಡುತ್ತಿದ್ದೇನೆ.

ಹಾರಿಸಿದ್ದೇನೆ. ವರ್ಷಕ್ಕೊಂದು ಸಲ, ಫೈರಿಂಗ್ ರೇಂಜಿನಲ್ಲಿ, ಮಣ್ಣಿನ ದಿಬ್ಬದ ಮುಂದೆ ನಿಲ್ಲಿಸಿದ ರಟ್ಟಿನ ಮನುಷ್ಯನಿಗೆ. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ, ಆತನಿಗೆ ಈವರೆಗೆ ಸಣ್ಣಪುಟ್ಟ ಗಾಯಗಳಾಗಿರುತ್ತವೆ, ಪ್ರಾಣಾಪಾಯ ಆಗಿರುವುದಿಲ್ಲ. ಗುಂಡು ಹಾರಿಸಲು ಎರಡು ನಿಮಿಷ ಸಾಕು. ಆಮೇಲಿನ ಕೆಲಸ ಯಾರಿಗೂ ಗೊತ್ತಿಲ್ಲ. ಹಾರಿಸಿದ ಪ್ರತಿ ಗುಂಡಿನ ಖಾಲಿ ಹಿತ್ತಾಳೆ ಚಿಪ್ಪನ್ನು ಎಣಿಸಿ ವಾಪಸ್ ಕೊಡಬೇಕು. ಒಂದು ಕಡಿಮೆಯಾದರೂ ಯಾರೂ ಮನೆಗೆ ಹೋಗುವ ಹಾಗಿಲ್ಲ. ಹಾಗಾಗಿ ಖಾಕಿ ತೊಟ್ಟ ಇಪ್ಪತ್ತು ಜನ ಮಂಡಿಯೂರಿ ಗರಿಕೆ ಹುಲ್ಲು ಬಿಡಿಸಿ ಬಿಡಿಸಿ ನೋಡುತ್ತೇವೆ. ದೂರದಿಂದ ನೋಡಿದರೆ ಕಳೆ ಕೀಳುತ್ತಿದ್ದಾರೆ ಅನಿಸುತ್ತೆ. ನನ್ನ ಸರ್ವಿಸಿನಲ್ಲಿ ಬಂದೂಕಿಗೆ ಸಂಬಂಧಪಟ್ಟ ಅತ್ಯಂತ ರೋಚಕ ಘಟನೆ ಇದೇ.

ಅದು ಬಿಟ್ಟರೆ ಇನ್ನೊಂದು ಗುಂಡು. ಅದನ್ನು ಹಾಕಿದವರನ್ನು ವಾರಕ್ಕೆ ನಾಲ್ಕು ಜನರನ್ನಾದರೂ ಎತ್ತಿ ಜೀಪಿಗೆ ಕೂರಿಸುತ್ತೇನೆ. ಇದನ್ನು ಲೆಕ್ಕಕ್ಕೆ ತಗೊಂಡರೆ ನಾನು ದೊಡ್ಡ ಅನುಭವಸ್ಥ.

ಹಾಗಾದರೆ ದಿನಾ ಏನು ಮಾಡುತ್ತೀರಿ ಅಂತೀರಾ? ಬರೆಯುತ್ತೇವೆ. ಸುಮ್ನೆ ಹೇಳುತ್ತಿಲ್ಲ. ಯಾರೋ ಬಂದು ಕೂಗಾಡಿ ಹೋದರೆ ಬರೆಯಬೇಕು, ಕೂಗಾಡದೆ ಹೋದರೂ ಬರೆಯಬೇಕು. ಬೀಟಿಗೆ ಹೋದದ್ದು, ಬಂದದ್ದು, ಸಮನ್ಸ್ ಕೊಟ್ಟದ್ದು, ಮನೆಗೆ ಬೀಗ ಹಾಕಿದ್ದರಿಂದ ಕೊಡಲಾಗದೆ ಬಂದದ್ದು, ಎಲ್ಲಕ್ಕೂ ಒಂದೊಂದು ಪುಸ್ತಕ. ಕಂಪ್ಯೂಟರ್ ಬಂದ ಮೇಲೆ ಕೆಲಸ ಅರ್ಧ ಆಗುತ್ತೆ ಅಂದಿದ್ದರು. ಈಗ ಒಂದು ಸಲ ಕೈಯಲ್ಲಿ, ಒಂದು ಸಲ ಕೀಬೋರ್ಡಿನಲ್ಲಿ ಬರೆಯುತ್ತೇವೆ.

ಠಾಣೆಯಲ್ಲಿ ನನ್ನ ಹುದ್ದೆಯ ಹೆಸರೇ ರೈಟರ್. ನಮ್ಮ ಮಾವನವರು ಇದನ್ನು ಹೆಮ್ಮೆಯಿಂದ ಊರೆಲ್ಲ ಹೇಳಿಕೊಂಡು ಬಂದರು, ಅಳಿಯ ರೈಟರ್ ಅಂತ. ಆ ವರ್ಷ ನವೆಂಬರಿನಲ್ಲಿ ಅವರೂರಿನ ಸಂಘದವರು ರಾಜ್ಯೋತ್ಸವದ ಕವಿಗೋಷ್ಠಿಗೆ ನನ್ನ ಹೆಸರನ್ನೂ ಹಾಕಿ ಕರೆದರು. ಆಗಲ್ಲ ಅಂತ ಕೈ ಮುಗಿದೆ. ಆದರೂ ಹೋಗಬೇಕಾಯಿತು, ಅದೇ ಕಾರ್ಯಕ್ರಮದ ಬಂದೋಬಸ್ತಿಗೆ. ಹದಿನೇಳು ಕವಿಗಳನ್ನು ನಿಂತುಕೊಂಡೇ ಕೇಳಿದೆ. ಯಾವುದೇ ಅಹಿತಕರ ಘಟನೆ ನಡೆಯಲಿಲ್ಲ, ಆದರೆ ನಡೆಯುವ ಸಾಧ್ಯತೆ ಇತ್ತು.

ನಾವು ಬರೆಯುವ ಕನ್ನಡವೇ ಬೇರೆ. ಅದರಲ್ಲಿ ಯಾರೂ ಬರುವುದಿಲ್ಲ, ಬಂದಿರುತ್ತಾರೆ. ಯಾರೂ ಓಡುವುದಿಲ್ಲ, ಪೊಲೀಸರನ್ನು ಕಂಡು ಓಡಿಹೋಗಿರುತ್ತಾರೆ. ಗಂಟೆ ಯಾವತ್ತೂ ಸುಮಾರು. ಮನುಷ್ಯರಲ್ಲಿ ಎರಡೇ ಜಾತಿ, ದುಂಡು ಮುಖ ಮತ್ತು ಕೋಲು ಮುಖ. ಕಾಣೆಯಾದವರ ಪ್ರಕಟಣೆ ಪೇಪರಿನಲ್ಲಿ ನೋಡಿರುತ್ತೀರಿ: ದುಂಡು ಮುಖ, ಎಣ್ಣೆಗೆಂಪು ಮೈಬಣ್ಣ, ಸಾಧಾರಣ ಮೈಕಟ್ಟು. ಆ ಗುರುತು ಹಿಡಿದು ಹುಡುಕಿದರೆ ಸಂತೆಯಲ್ಲಿ ಅರ್ಧ ಜನ ಸಿಗುತ್ತಾರೆ, ನಾನೂ ಸೇರಿ.

ಇದೆಲ್ಲ ಬಾಯಿಪಾಠ ಆಗಿತ್ತು. ಅಷ್ಟರಲ್ಲಿ 2024ರ ಜುಲೈ 1ಕ್ಕೆ ಕಾನೂನೇ ಬದಲಾಯಿತು. ಹಳೇ ಐಪಿಸಿಯಲ್ಲಿ 511 ಕಲಂ ಇದ್ದವು, ಹೊಸ ಭಾರತೀಯ ನ್ಯಾಯ ಸಂಹಿತೆಯಲ್ಲಿ 358. ಕೊಲೆ 302ರಿಂದ 103ಕ್ಕೆ ಬಂತು, ಕಳ್ಳತನ 379ರಿಂದ 303ಕ್ಕೆ. ನಿದ್ದೆಗಣ್ಣಿನಲ್ಲಿ 103 ಬರೆಯಲು ಹೋಗಿ 303 ಬರೆದರೆ ಕೊಲೆಗಾರ ಕಳ್ಳ ಆಗಿಬಿಡುತ್ತಾನೆ. ಆದರೆ ನನಗೆ ಜಾಸ್ತಿ ಬೇಜಾರಾದದ್ದು ನಾನೂರ ಇಪ್ಪತ್ತಕ್ಕೆ. ಮೋಸಕ್ಕೆ ಈಗ 318. ಒಟ್ಟು ಇರುವುದೇ 358 ಆದ್ದರಿಂದ 420 ಅನ್ನುವ ಕಲಮೇ ಇಲ್ಲ. ಇದನ್ನು ಜನರಿಗೆ ತಿಳಿಸುವ ಕೆಲಸವೂ ರೈಟರದ್ದೇ.

ಒಬ್ಬ ಅಜ್ಜ ಬಂದಿದ್ದರು. ಎಮ್ಮೆ ಕೊಡಿಸುತ್ತೇನೆ ಅಂತ ದುಡ್ಡು ಇಸಕೊಂಡು ಯಾರೋ ನಾಪತ್ತೆ. "ಅವನ ಮ್ಯಾಲೆ ಫೋರ್ ಟ್ವೆಂಟಿ ಹಾಕಿ ಸಾಮಿ" ಅಂದರು.

"ಈಗ ತ್ರೀ ಎಯ್ಟೀನ್ ತಾತ."

ಅಜ್ಜ ನನ್ನ ಮುಖವನ್ನೇ ನೋಡಿದರು. "ಯಾಕ್ ಸಾಮಿ, ನಿಮಗೇನಾದ್ರೂ ಬೇಕಾದವ್ನಾ?"

"ಹಂಗಲ್ಲ ತಾತ, ಕಾನೂನು ಬದಲಾಗೈತೆ."

"ಬ್ಯಾಡ ಬ್ಯಾಡ, ಕಮ್ಮಿ ಮಾಡ್ಬ್ಯಾಡಿ. ನಂಗೆ ಫೋರ್ ಟ್ವೆಂಟೀನೇ ಬೇಕು."

ನೂರಾ ಎರಡು ಕಲಂ ರಿಯಾಯಿತಿ ಕೊಡುತ್ತಿದ್ದೇನೆ ಅಂತ ಅವರಿಗೆ ಅನುಮಾನ. ಕೊನೆಗೆ ಎಫ್‌ಐಆರ್ ಪ್ರತಿ ಕೈಗೆ ಕೊಟ್ಟೆ. ಓದಲು ಬಾರದಿದ್ದರೂ ತಿರುಗಿಸಿ ತಿರುಗಿಸಿ ನೋಡಿ ಮಡಿಸಿಟ್ಟುಕೊಂಡರು. ಬಾಗಿಲಲ್ಲಿ ನಿಂತು, "ಮುಂದಿನ್ ಸಲ ಬಂದಾಗ ಪೂರ್ತಿ ಹಾಕ್ಕೊಡಿ" ಅಂದರು.

ಇನ್ನು ಹುಂಜದ ಕೇಸು. ಇದನ್ನು ಹೇಳದಿದ್ದರೆ ನನ್ನ ಉತ್ತರ ಅರ್ಧವೇ.

2025ರ ಸಂಕ್ರಾಂತಿ ಆಸುಪಾಸಿನಲ್ಲಿ, ಒಂದು ಭಾನುವಾರ, ಕೆರೆ ಹಿಂದಿನ ತೋಪಿನಲ್ಲಿ ಕೋಳಿ ಪಂದ್ಯ ಅಂತ ಮಾಹಿತಿ ಬಂತು. ಹೋದೆವು. ಆಡುತ್ತಿದ್ದವರು ಪೊಲೀಸರನ್ನು ಕಂಡು ಓಡಿಹೋಗಿರುತ್ತಾರೆ. ಇಬ್ಬರು ಸಿಕ್ಕರು, ಜೊತೆಗೆ ಐದು ಹುಂಜ. ಮಹಜರಿಗೆ ಸಾಕ್ಷಿಯಾಗಿ ಇಬ್ಬರು ಪಂಚರು ಬೇಕು. ಅಲ್ಲಿಯ ತನಕ ಸುತ್ತ ನಿಂತು ನಗುತ್ತಿದ್ದವರಿಗೆಲ್ಲ ನಾನು ಹಾಳೆ ತೆಗೆದ ತಕ್ಷಣ ಹಾಲು ಕರೆಯುವುದು ನೆನಪಾಯಿತು. ಮಧ್ಯಾಹ್ನ ಎರಡು ಗಂಟೆಗೆ.

ಹೊಸ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಂ ಪ್ರಕಾರ ಜಪ್ತಿ ಮಾಡುವುದನ್ನೆಲ್ಲ ವಿಡಿಯೊ ಮಾಡಬೇಕು. ನಮ್ಮ ಹೊಸ ಹುಡುಗ, ಕಾನ್‌ಸ್ಟೆಬಲ್, ಮೊಬೈಲ್ ಹಿಡಿದ. ಒಬ್ಬ ಪಂಚ ಹೆಸರು ಹೇಳಲು ಬಾಯಿ ತೆಗೆದಾಗಲೆಲ್ಲ ಹುಂಜ ಕೂಗುತ್ತಿತ್ತು. ನಾಲ್ಕನೇ ಸಲಕ್ಕೆ ಆತ, "ಅದರ ಹೇಳಿಕೆ ಮೊದ್ಲು ತಗೊಳ್ಳಿ ಸಾರ್" ಅಂದ.

ಈ ಹುಡುಗನ ಬಗ್ಗೆ ಒಂದು ಮಾತು. ಕೇಸಿನಲ್ಲಿ ವಶಪಡಿಸಿಕೊಂಡ ವಸ್ತುವಿಗೆ ನಮ್ಮಲ್ಲಿ ಮುದ್ದೆಮಾಲು ಅನ್ನುತ್ತೇವೆ. ಇವನು ಡ್ಯೂಟಿಗೆ ಬಂದ ಮೊದಲನೇ ವಾರ, "ಮುದ್ದೆಮಾಲು ರೂಮಿನ ಬೀಗ ತೆಗಿಯಪ್ಪ" ಅಂದರೆ ಕೈ ತೊಳೆದುಕೊಂಡು ಬಂದಿದ್ದ.

ಮರುದಿನ ಕೋರ್ಟಿಗೆ ಹಾಜರುಪಡಿಸುವ ತನಕ ಹುಂಜಗಳ ಜವಾಬ್ದಾರಿ ನಮ್ಮದು. ಮೇಜಿನ ಕಾಲಿಗೆ ಒಂದೊಂದು ಕಟ್ಟಿದೆವು. ಮೇಜಿಗೆ ನಾಲ್ಕೇ ಕಾಲು. ಐದನೆಯದನ್ನು ನನ್ನ ಕುರ್ಚಿಗೆ ಕಟ್ಟಿದೆವು. ಜೂಜಿನ ಹುಂಜ, ಹತ್ತಿರ ಬಿಟ್ಟರೆ ಕಚ್ಚಾಡುತ್ತವೆ ಅಂತ ನಡುವೆ ರಟ್ಟಿನ ಡಬ್ಬ ಅಡ್ಡ ಇಟ್ಟೆವು. ಎದುರಿನ ಅಂಗಡಿಯಿಂದ ರಾಗಿ ತಂದೆವು. ನೀರಿಗೆ ಪಾತ್ರೆ ಇರಲಿಲ್ಲ. ನನ್ನ ಊಟದ ಡಬ್ಬಿಯ ಮುಚ್ಚಳ ತೆಗೆದು ಅದರಲ್ಲಿ ನೀರು ಇಟ್ಟೆ.

ಅವುಗಳ ವಿವರ ಟೈಪ್ ಮಾಡಲು ಹುಡುಗನಿಗೆ ಹೇಳಿದ್ದೆ. ಸಾಹೇಬರು ಓದಿ ತಲೆ ಎತ್ತಿದರು. "ಇದ್ಯಾವನ್ರೀ ಮೂರನೇ ಆರೋಪಿ? ಕೋಲು ಮುಖ, ಕೆಂಪು ಮೈಬಣ್ಣ, ದೃಢಕಾಯ?"

"ಆರೋಪಿ ಅಲ್ಲ ಸಾರ್, ಹುಂಜ."

ಸಾಹೇಬರು ಸ್ವಲ್ಪ ಹೊತ್ತು ಹುಂಜವನ್ನೂ ಹಾಳೆಯನ್ನೂ ನೋಡಿದರು. "ದೃಢಕಾಯ ಸರಿಯಾಗಿದೆ" ಅಂದರು.

ರಾತ್ರಿ ಮೂರೂವರೆಗೆ ಐದೂ ಒಟ್ಟಿಗೆ ಕೂಗಿದವು. ಗಲಾಟೆ ಮಾಡಿ ಬೆಂಚಿನ ಮೇಲೆ ಮಲಗಿದ್ದ ಒಬ್ಬ ಗುಂಡಿನ ಗಿರಾಕಿ ಧಡಕ್ಕನೆ ಎದ್ದು, ಬೆಳಗಾಯ್ತು, ಗದ್ದೆಗೆ ನೀರು ಕಟ್ಟಬೇಕು ಅಂತ ಚಪ್ಪಲಿ ಹುಡುಕತೊಡಗಿದ. ಅವನನ್ನು ಕೂರಿಸುವಷ್ಟರಲ್ಲಿ ಕುರ್ಚಿಗೆ ಕಟ್ಟಿದ್ದ ಹುಂಜ ದಾರ ಬಿಚ್ಚಿಕೊಂಡು ಹೊರಗೆ. ಮುದ್ದೆಮಾಲು ಪರಾರಿ! ರಟ್ಟಿನ ಮನುಷ್ಯನ ಹಾಗೆ ಹುಂಜ ನಿಂತು ಕಾಯುವುದಿಲ್ಲ. ಕಾಂಪೌಂಡಿನಲ್ಲಿ ಸೀಜ್ ಮಾಡಿದ ಬೈಕುಗಳ ಸಂದಿಯಲ್ಲಿ ನಾವು ನಾಲ್ಕು ಜನ ಟಾರ್ಚ್ ಹಿಡಿದು ಬಗ್ಗಿ ಬಗ್ಗಿ ಓಡಿದೆವು. ಕೊನೆಗೆ ಹುಡುಗ ತನ್ನ ಸ್ಲೋಚ್ ಹ್ಯಾಟ್ ತೆಗೆದು ಎಸೆದು, ಅದರ ಮೇಲೆ ತಾನೂ ಬಿದ್ದ. ಹ್ಯಾಟಿನ ಕೆಳಗೆ ಹುಂಜ.

ಆ ಹ್ಯಾಟನ್ನು ನಾವೆಲ್ಲ ವರ್ಷಗಟ್ಟಲೆ ಬೈದುಕೊಂಡೇ ತೊಟ್ಟಿದ್ದೆವು. ಒಂದು ಕಡೆ ಮಡಿಸಿರುತ್ತಿತ್ತು, ಬಗ್ಗಿದರೆ ಬೀಳುತ್ತಿತ್ತು. ಅದೇ ವರ್ಷ ಅಕ್ಟೋಬರಿನಲ್ಲಿ ಸರ್ಕಾರ ಕಾನ್‌ಸ್ಟೆಬಲ್‌ಗಳಿಗೆ ನೀಲಿ ಪೀಕ್ ಕ್ಯಾಪ್ ಕೊಡಲು ಶುರು ಮಾಡಿತು. ಚೆನ್ನಾಗಿದೆ, ತಲೆಗೆ ಹಗುರ. ಅದರಲ್ಲಿ ಹುಂಜ ಹಿಡಿಸುವುದಿಲ್ಲ, ಅಷ್ಟೇ.

ಬೆಳಿಗ್ಗೆ ಐದನ್ನೂ ಬುಟ್ಟಿಗೆ ಹಾಕಿ ಕೋರ್ಟಿಗೆ ಕಳಿಸಿದೆವು. ಅಲ್ಲಿ ಹರಾಜಾಯಿತು.

ಇಂಥ ಕೆಲಸ ಮಾಡಿ ಮನೆಗೆ ಬಂದ ಮೇಲೆ ಭಾಷೆ ಬದಲಾಯಿಸಬೇಕು. ನನಗೆ ಅದೇ ಬರುವುದಿಲ್ಲ. ಒಂದು ಸಲ ನೈಟ್ ಡ್ಯೂಟಿ ಮುಗಿಸಿ ಬಂದಿದ್ದೆ. ಮಗಳಿಗೆ ಜ್ವರ, ರಜಾಚೀಟಿ ಬರೆದುಕೊಡಿ ಅಂದಳು ಹೆಂಡತಿ. ನಿದ್ದೆಗಣ್ಣಿನಲ್ಲೇ ಬರೆದೆ: "ಸದರಿ ವಿದ್ಯಾರ್ಥಿನಿಯು ನಿನ್ನೆ ರಾತ್ರಿ ಸುಮಾರು 9-30 ಗಂಟೆ ಸಮಯದಲ್ಲಿ ತನ್ನ ವಾಸದ ಮನೆಯಲ್ಲಿರುವಾಗ್ಗೆ ಎರಡು ಐಸ್‌ಕ್ರೀಂಗಳನ್ನು ತಿಂದಿದ್ದು, ತದನಂತರ ಜ್ವರ ಕಾಣಿಸಿಕೊಂಡಿರುತ್ತದೆ. ಐಸ್‌ಕ್ರೀಂ ಕೊಡಿಸಿದ ವ್ಯಕ್ತಿಯು ಸದರಿಯವಳ ಸೋದರಮಾವನಾಗಿದ್ದು, ಸದ್ಯ ತಲೆಮರೆಸಿಕೊಂಡಿರುತ್ತಾನೆ. ಮುಂದಿನ ಸೂಕ್ತ ಕ್ರಮಕ್ಕಾಗಿ ಸಲ್ಲಿಸಿದೆ."

ಟೀಚರ್ ಫೋನ್ ಮಾಡಿದರು. "ಸಾರ್, ರಜೆ ಕೊಡಬೇಕೋ, ಕೇಸ್ ಹಾಕಬೇಕೋ?"

ಮಗಳಿಗೆ ನನ್ನ ಮೇಲೆ ಇನ್ನೊಂದು ದೂರಿದೆ. ದಸರಾ ಬಂದೋಬಸ್ತಿಗೆ ನಾಲ್ಕು ಸಲ ಮೈಸೂರಿಗೆ ಹೋಗಿದ್ದೇನೆ. ಪ್ರತಿ ಸಲ ಬಂದ ಮೇಲೆ ಕೇಳುತ್ತಾಳೆ, "ಅಂಬಾರಿ ಹೇಗಿತ್ತಪ್ಪಾ?" ನೋಡಿಲ್ಲ ಮಗಳೇ. 750 ಕೆಜಿ ತೂಕದ ಅಂಬಾರಿ ಹೊತ್ತ ಆನೆ ನನ್ನ ಬೆನ್ನ ಹಿಂದೆಯೇ ಹೋಗಿದೆ. ಆದರೆ ನಾವು ನಿಲ್ಲಬೇಕಾದದ್ದು ಜನರ ಕಡೆ ಮುಖ ಮಾಡಿ. ಮೆರವಣಿಗೆಯನ್ನು ನಾನು ನೋಡುವುದು ಅವರ ಮುಖಗಳಲ್ಲೇ. ಮೊದಲು ಹೆಗಲ ಮೇಲಿನ ಮಕ್ಕಳ ಬಾಯಿ ತೆರೆಯುತ್ತೆ. ಆಮೇಲೆ ಮೊಬೈಲುಗಳು ಮೇಲೇಳುತ್ತವೆ. ಮುಂದಿನ ಸಾಲಿನ ಅಜ್ಜಿಯರು ಕೈ ಮುಗಿದರೆ ಅಂಬಾರಿ ಸರಿಯಾಗಿ ನನ್ನ ಹಿಂದಿದೆ ಅಂತ ಲೆಕ್ಕ. ಒಂದು ವರ್ಷ ಒಬ್ಬ ಅಜ್ಜಿ ನನಗೇ ಕೈ ಮುಗಿದಂತೆ ಕಂಡು ನಾನೂ ವಾಪಸ್ ಮುಗಿದುಬಿಟ್ಟೆ. "ಅತ್ಲಾಗ್ ಸರಿಯಪ್ಪಾ, ದೇವ್ರು ಕಾಣಾಕಿಲ್ಲ" ಅಂದರು.

ಅಂದಹಾಗೆ, ನಿಜವಾದ ಢಂ ಢಂ ಸದ್ದು ನಾನು ಹತ್ತಿರದಿಂದ ಕೇಳಿರುವುದೂ ಅಲ್ಲೇ. ಅಂಬಾರಿಗೆ ಪುಷ್ಪಾರ್ಚನೆ ಆಗುವಾಗ ಸಿಡಿಸುವ 21 ಕುಶಾಲತೋಪು. ಸಿಡಿಸುವವರೂ ಪೊಲೀಸರೇ, ಸಶಸ್ತ್ರ ಮೀಸಲು ಪಡೆಯವರು. ತೋಪಿನಲ್ಲಿ ಮದ್ದು ಮಾತ್ರ, ಗುಂಡು ಇರುವುದಿಲ್ಲ. ಆ ಪಡೆಯಲ್ಲಿರುವ ನನ್ನ ಬ್ಯಾಚಿನ ಗೆಳೆಯನಿಗೂ ಮದುವೆ ಮನೆಗಳಲ್ಲಿ ಇದೇ ಪ್ರಶ್ನೆಯಂತೆ. ಅವನು ಧೈರ್ಯವಾಗಿ, "ಇಪ್ಪತ್ತೊಂದು ಸಲ" ಅಂದು ಸಾಂಬಾರಿಗೆ ಕೈ ಹಾಕುತ್ತಾನೆ.

ನನಗೆ ಹಾಗೆ ಹೇಳಲು ಬರುವುದಿಲ್ಲ. ಅದಕ್ಕೇ ಇಷ್ಟುದ್ದ ಬರೆದೆ.

ಹುಂಜಗಳನ್ನು ಕೋರ್ಟಿಗೆ ಕಳಿಸಿದ ಮರುದಿನ ಹೆಂಡತಿಯಿಂದ ವಾಟ್ಸಾಪ್ ಬಂತು. ಹದಿನಾಲ್ಕು ವರ್ಷ ಪೊಲೀಸಿನವನ ಜೊತೆ ಸಂಸಾರ ಮಾಡಿದವಳು. "ರೀ, ಡಬ್ಬಿ ಮುಚ್ಚಳ ಕಾಣೆಯಾಗಿರುತ್ತದೆ. ದುಂಡು ಮುಖ, ಬೆಳ್ಳಿ ಮೈಬಣ್ಣ, ಸಾಧಾರಣ ಮೈಕಟ್ಟು, ಅಂಚಿನಲ್ಲಿ ನಮ್ಮಮ್ಮನ ಹೆಸರು. ಭಾನುವಾರ ಮಧ್ಯಾಹ್ನ ನಿಮ್ಮ ಜೊತೆ ಹೋಗಿದ್ದು ವಾಪಸ್ ಬಂದಿರುವುದಿಲ್ಲ."

ಮೇಜಿನ ಕೆಳಗೆಲ್ಲ ಹುಡುಕಿದೆ. ಹುಡುಗನನ್ನು ಕರೆದು ಕೇಳಿದೆ. ಅವನು ಫೈಲ್ ತೆಗೆದು ಕೋರ್ಟಿಗೆ ಹೋದ ಮುದ್ದೆಮಾಲು ಪಟ್ಟಿ ತೋರಿಸಿದ. ಐದು ಹುಂಜ ಆದ ಮೇಲೆ, ಕ್ರಮ ಸಂಖ್ಯೆ 6: ಸ್ಟೀಲ್ ಮುಚ್ಚಳ, ಒಂದು.